ಬಾಗಲದಾಗ ಹಾಸಿದ ಕಂಬಳಿ

೧೪ ಅಕ್ಟೋಬರ್ ೨೦೨೫, ಮಂಗಳವಾರ

ಅತ್ತಿ ಇನ್ನೂ ಮಾತಾಡಸವಲ್ಲಳು. ಬೀರಪ್ಪನ ಪೂಜಿಗೆ ಹಾಸೂ ಕಂಬಳಿ ಪಂಚಾಯ್ತಿಗೆ ಯಾಕ ಒಯ್ದಿ ಅಂತ ಸಿಟ್ಟು.

ಒಯ್ದದ್ದಕ್ಕ ನನಗೇನೂ ಬ್ಯಾಸರಿಲ್ಲ. ನಮ್ಮ ಓಣಿಯವರು ಒಬ್ಬರೂ ಇವತ್ತಿನ ತನಕ ಮೆಂಬರ್ ಆಗಿಲ್ಲ. ನಮ್ಮ ವೋಟು ಬೇಕು, ನಮ್ಮ ಮಾತು ಬ್ಯಾಡ. ಆದ್ರೂ ಪ್ರತಿ ಗ್ರಾಮಸಭಾಕ್ಕೂ ಹೋಗ್ತೇನಿ. ಓಣಿಗೆ ನಳದ ನೀರು ಬರವಲ್ಲವು ಅಂತ ನಾ ಬಾಯಿ ತೆಗೆಯೂದ್ರಾಗ ಅಧ್ಯಕ್ಷರು "ಸಭಾ ಮುಗೀತ್ರಿ" ಅಂತ ಎದ್ದು ನಡದಿರ್ತಾರ.

ಇವತ್ತು ಸಭಾ ಮುಗಿಯೂಕಿಂತ ಮೊದಲ ಬಾಗಲದಾಗ ಕಂಬಳಿ ಹಾಸಿ ಅದರ ಮಗ್ಗಲಕ ಕುಂತೆ. ಅಧ್ಯಕ್ಷರು ಎದ್ದು ಬಂದವರು ಗಕ್ಕನ ನಿಂತ್ರು. ಕರೀ ಕಂಬಳಿ ಅಂದ್ರ ದೇವರ ಗದ್ದಿಗಿ. ನಮ್ಮೂರಾಗ ಯಾರೂ ಅದನ್ನ ತುಳಿಯಂಗಿಲ್ಲ, ದಾಟಂಗಿಲ್ಲ.

"ತಂಗಿ, ಸ್ವಲ್ಪ ಸರದು ಕುಂದರವಾ," ಅಂದ್ರು.

"ಸರೀತೇನ್ರಿ. ಮೊದಲ ನೀವು ಕುಂತು ನಮ್ಮ ಮಾತು ಕೇಳ್ರಿ," ಅಂದೆ.

ಕುಂತ್ರು. ಪೂರಾ ಕೇಳಿದ್ರು. ನಮ್ಮ ಓಣಿಗೆ ಪೈಪ್ ಹಾಕೂದನ್ನ ಠರಾವಿನಾಗ ಬರಸಿ, ಎಲ್ಲಾರ ಮುಂದ ಓದಿಸಿ, ಆಮ್ಯಾಲ ಕಂಬಳಿ ಮಡಚಿದೆ. ಅವರು ಪೈಪ್ ಹಾಕ್ತಾರ ಅಂತ ನಂಬಿ ಕುಂದ್ರೂವಾಕಿ ಅಲ್ಲ ನಾ. ಸಭಾ ಬಿಡೂವಾಕಿನೂ ಅಲ್ಲ. ಮುಂದಿನ ಸಲ...

ಬರಿಯೂದ್ರಾಗ ಅತ್ತಿ ಬಂದಳು. ತನ್ನ ಟ್ರಂಕಿನಾಗಿನ ಹಳೀ ಕಂಬಳಿ ತಂದು ನನ್ನ ಮಗ್ಗಲಕ ಇಟ್ಟಳು.

"ಪಂಚಾಯ್ತಿಗೆ ಹಿಂದಿನ ಬಾಗಲಾನೂ ಐತಿ," ಅಂದಳು. "ಅಲ್ಲಿ ನಾ ಕುಂದರ್ತೇನಿ."