ಅತ್ತೆಯ ಜೊತೆ ಇಂಟರ್‌ವ್ಯೂಗೆ

ಕೊಲ್ಹಾಪುರ
18 ಜನವರಿ 2009

ಪ್ರೀತಿಯ ಅತ್ತೆಯವರಿಗೆ ಸೋನಾಲಿಯ ನಮಸ್ಕಾರ.

ಫೋನು ಮಾಡಿದರೆ ಮಾವನವರ ಕೆಮ್ಮು, ಮಗಳ ಶಾಲೆ, ಅಷ್ಟರಲ್ಲೇ ಮಾತು ಮುಗಿಯುತ್ತದೆ. ಅದಕ್ಕೇ ಈ ಕಾಗದ. ನಿನ್ನೆ ಹಳೆಯ ಪ್ರೋಗ್ರಾಮಿಂಗ್ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಹಾಳೆಗಳ ನಡುವೆ ಜೋಳದ ಹೊಟ್ಟು! ಕಲ್ಲೋಳಿಯ ಮನೆಯ ಹಿತ್ತಲು ಒಮ್ಮೆಲೇ ಕಣ್ಣೆದುರು ಬಂತು.

ನಾನು ಮದುವೆಯಾಗಿ ಕಲ್ಲೋಳಿಗೆ ಬಂದ ಮರುವರ್ಷ ಇಲ್ಲಿ ಕೊಲ್ಹಾಪುರದ ಸಣ್ಣದೊಂದು ಕಂಪನಿ ಪ್ರೋಗ್ರಾಮರ್ ಬೇಕೆಂದು ಪೇಪರಿನಲ್ಲಿ ಹಾಕಿತ್ತು. ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆಯುವವರು. "ಸೊಸಿ ಊರೂರು ಅಡ್ಡಾಡೂದು ಬ್ಯಾಡ" ಎಂದರು ಮಾವನವರು. ನೀವು ಮಜ್ಜಿಗೆ ಕಡೆಯುತ್ತಲೇ, "ಹೋಗಿ ಮಾತಾಡಿ ಬರ್ಲಿ ಬಿಡ್ರಿ. ಮಾತಾಡಾಕ ಏನಾಗ್ತೈತಿ?" ಎಂದಿರಿ.

ಗೋಕಾಕದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತದ್ದು ಅರ್ಧ ಮರೆತಿತ್ತು. ಮನೆಯಲ್ಲಿ ಕಂಪ್ಯೂಟರ್ ಎಲ್ಲಿಯದು? ಹಿತ್ತಲ ಫರಸಿ ಕಲ್ಲಿನ ಮೇಲೆ ಸುಣ್ಣದ ಹೆಂಟೆಯಿಂದ ಬರೆಯುತ್ತಿದ್ದೆ. ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟು ವಿವರಿಸಲೂ ಬೇಕಂತೆ ಎಂದಾಗ ನೀವು ಜೋಳ ಕೇರುವ ಮೊರ ಹಿಡಿದು ಎದುರು ಕುಳಿತಿರಿ. "ನನಗ ಇದರಾಗ ಏನೂ ತಿಳಿಯೂದಿಲ್ಲವಾ. ಆದ್ರ ನೀ ತಡವರಿಸಿದ್ದು ತಿಳಿತೈತಿ." ನಾನು ತಡವರಿಸಿದರೆ ಮೊರದ ಸದ್ದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ. ಪಕ್ಕದ ಮನೆಯ ಅಕ್ಕವ್ವ ಇಣುಕಿ, ಇದೆಂಥಾ ರಂಗೋಲಿ ಎಂದು ಕೇಳಿದ್ದಳು. "ಪಗಾರ ಬರೂ ರಂಗೋಲಿ" ಎಂದಿದ್ದಿರಿ.

ಇಂಟರ್‌ವ್ಯೂ ದಿನ ಸಂಕೇಶ್ವರದಲ್ಲಿ ಬಸ್ಸು ಬದಲಿಸಿ ಬಂದೆವು. ನೀವು ಹೊರಗೆ ಬೆಂಚಿನ ಮೇಲೆ, ನಾನು ಒಳಗೆ ಮೂವರ ಎದುರು. ಒಂದಕ್ಕೊಂದು ಕೊಂಡಿ ಹಾಕಿದ ಅಂಕಿಗಳ ಸಾಲನ್ನು ತಿರುಗುಮುರುಗು ಮಾಡುವ ಪ್ರೋಗ್ರಾಂ ಬರೆಯಲು ಹೇಳಿದರು. ಹಿತ್ತಲಲ್ಲಿ ಎಷ್ಟು ಸಲ ಬರೆದಿದ್ದೆನೋ. ಆದರೂ ನಡುವೆ ಎಲ್ಲೋ ಕೊಂಡಿ ತಪ್ಪಿ, ಬೋರ್ಡಿನ ಎದುರು ಮಂಕಾಗಿ ನಿಂತೆ. ಹಿರಿಯರೊಬ್ಬರು ಸೀಮೆಸುಣ್ಣ ಇಡಲು ಹೇಳಿ, ಮದುವೆಯಾದವಳು, ಮನೆಯವರಾದರೂ ಬಿಡುತ್ತಾರೇನು ಎಂದು ಮರಾಠಿಯಲ್ಲಿ ಕೇಳಿದರು. ನಮ್ಮ ಅತ್ತೆ ಹೊರಗೇ ಇದ್ದಾರೆ, ನೀವೇ ಕೇಳಿ ಎಂದೆ. ಅವರು ನಿಜಕ್ಕೂ ಕರೆಸಿದರು!

ನೀವು ಬಾಗಿಲಲ್ಲಿ ಸೆರಗು ಸರಿಮಾಡಿಕೊಂಡು ನಿಂತಿರಿ. ಅವರ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡಿ, "ಯಾಕವಾ, ನಡುವ ನಿಂತಿಯೇನು? ಮೊದಲಿಂದ ಹೇಳು" ಎಂದಿರಿ. ಬೋರ್ಡು ಒರೆಸಿ ಮೊದಲಿನಿಂದ ಬರೆದೆ. ಅವರು ಯಾರೂ ತಡೆಯಲಿಲ್ಲ. ಈ ಸಲ ತಪ್ಪಲೂ ಇಲ್ಲ.

ಮರಳುವಾಗ, ನಮ್ಮ ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಊಟವಿಲ್ಲವೆಂದು ಸಂಕೇಶ್ವರದ ಸ್ಟ್ಯಾಂಡಿನಲ್ಲಿ ಗಡಿಬಿಡಿಯಿಂದ ರೊಟ್ಟಿಯ ಗಂಟು ಬಿಚ್ಚಿದಿರಿ. ಶೇಂಗಾ ಹಿಂಡಿ, ಒಣಗಿದ ರೊಟ್ಟಿ. ಅಷ್ಟು ರುಚಿ ಮತ್ತೆ ಯಾವ ಊಟದಲ್ಲೂ ಕಂಡಿಲ್ಲ. ಕೆಲಸ ಸಿಕ್ಕ ಸುದ್ದಿ ಬಂದಾಗ ಮಾವನವರು ಪೇಪರಿನಿಂದ ತಲೆಯೆತ್ತದೆ, "ಬಸ್ ಎಷ್ಟಕ್ಕ ಐತಿ?" ಎಂದಷ್ಟೇ ಕೇಳಿದ್ದು, ನಾವಿಬ್ಬರೂ ಅಡುಗೆಮನೆಗೆ ಓಡಿಹೋಗಿ ನಕ್ಕಿದ್ದು ನೆನಪಿದೆಯೇ?

ಇಲ್ಲಿ ಎಲ್ಲರೂ ಆರಾಮ. ನನ್ನ ಕೆಲಸದ ಬಗ್ಗೆ ವಿಶೇಷವೇನಿಲ್ಲ.

ನಿಮ್ಮ ಸೊಸೆ,
ಸೋನಾಲಿ

ತಾ.ಕ.: ಲಕೋಟೆ ಅಂಟಿಸುವಾಗ ಕೈ ಬರಲಿಲ್ಲ. ಕಂಪನಿ ಹೋದ ತಿಂಗಳೇ ಮುಚ್ಚಿತು, ಅತ್ತೆ. ನಿಮ್ಮ ಮಗನ ಅಂಗಡಿ ನಡೆದಿದೆ, ಮನೆಗೆ ತೊಂದರೆಯಿಲ್ಲ. ಆದರೆ ನನಗೆ ಸುಮ್ಮನೆ ಕೂರಲಾಗುತ್ತಿಲ್ಲ. ಮುಂದಿನ ವಾರ ಬೇರೆ ಕಡೆ ಇಂಟರ್‌ವ್ಯೂ. ಕೇಳುವವರೆಲ್ಲ ನನಗಿಂತ ಚಿಕ್ಕವರಂತೆ. ಭಾಳ ಅಂಜಿಕಿ ಆಗಾಕತ್ತೈತ್ರಿ. ಬರುವ ಭಾನುವಾರ ಇವರು ನಿಮ್ಮನ್ನು ಕರೆಯಲು ಬರುತ್ತಾರೆ. ಒಂದೆರಡು ಸೀರೆ ಹೆಚ್ಚಿಗೇ ಇಟ್ಟುಕೊಂಡು ಬನ್ನಿ.