ಮಂಚ ಹಾಕಿಸಿದ ವ್ಯಾನಿಗೆ ವಿಮೆ

೧೨ ಆಗಸ್ಟ್ ೨೦೨೫, ಮಂಗಳವಾರ. ತರೀಕೆರೆ.

ವ್ಯಾನಿನ ವಿಮೆ ಯಾವ ಕಂಪನಿಯಲ್ಲಿ ಮಾಡಿಸುವುದೆಂದು ಇವತ್ತು ತೀರ್ಮಾನವಾಯಿತು. ಆಗದೇ ಇದ್ದಿದ್ದರೇ ಚೆನ್ನಾಗಿತ್ತು.

ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿದ ಮೇಲೆ ಇವರಿಗೆ ಕೂತು ಪ್ರಯಾಣ ಮಾಡಲು ಆಗುತ್ತಿಲ್ಲ. ಮಲಗಿಕೊಂಡಾದರೂ ಊರು ಸುತ್ತಬೇಕೆಂದು ಹಳೇ ವ್ಯಾನ್ ಕೊಂಡು ಒಳಗೆ ಮಂಚ ಹಾಕಿಸಿದರು. ಎರಡು ಕಂಪನಿಯವರು ಅಂಥ ಗಾಡಿಗೂ ವಿಮೆ ಕೊಡಲು ಒಪ್ಪಿದ್ದಾರೆ. ಒಂದರವರು ದಾರಿಯಲ್ಲಿ ಕೆಟ್ಟು ನಿಂತರೆ ಮೆಕ್ಯಾನಿಕ್‌ನನ್ನೂ ಕಳಿಸುತ್ತಾರಂತೆ. ಅದೇ ಇರಲಿ ಎಂದೆ.

ಇವರು ನನ್ನ ಕೈಲಿ ಇನ್ನೊಂದು ಕಂಪನಿಯ ಏಜೆಂಟ್ ಅಖೀಲನಿಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕು ಎಂದರು.

"ಓನರ್ ತೀರ್ಕೊಂಡ್ರೆ ಪಾಲಿಸಿ ಹೆಂಡ್ತಿ ಹೆಸರಿಗೆ ಮಾಡ್ಸೋಕೆ ಎಷ್ಟು ಓಡಾಡ್ಬೇಕಪ್ಪಾ?"

"ಯಾವ ಓನರ್ ಸಾರ್?"

"ನಾನೇ ಕಣಪ್ಪಾ."

ಅಖೀಲ್, "ಅಕ್ಕ ಓಡಾಡೋದು ಬೇಡ ಸಾರ್. ನಾನೇ ಮನೆಗೆ ಬಂದು ಎಲ್ಲಾ ಮಾಡ್ಕೊಡ್ತೀನಿ" ಎಂದ.

"ಹಂಗಾರೆ ನಿಮ್ದೇ ಇರ್ಲಿ."

ಫೋನ್ ಇಟ್ಟ ಮೇಲೆ ನನ್ನ ಕಡೆ ನೋಡದೆಯೇ ಹೇಳಿದರು: "ಗಾಡಿ ಮಾರ್ಬೇಡ ಕಣೇ. ಓಡ್ಸೋದು ಕಲಿ. ಎಮ್ಮೆದೊಡ್ಡಿ ಕಾವಲಿನ ಕಡೆ ಹೋಗಿ ಹುಲ್ಲುಗಾವಲಲ್ಲಿ ಮೇಯೋ ದನ ನೋಡ್ಕೊಂಡು ಬಾ."

"ಹೂಂ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು. ಆ ಖಾಲಿ ಮಂಚವನ್ನು ಬೆನ್ನ ಹಿಂದೆ ಇಟ್ಟುಕೊಂಡು ನಾನು ಬೀದಿಯ ತಿರುವಿನವರೆಗೂ ಹೋಗಲಾರೆ. ಇವರಿಗೂ ಅದು ಗೊತ್ತಿರಬೇಕು. ನನ್ನ ಕೈ ಹಿಡಿದುಕೊಂಡರು. ನಾನು ಕೈ ಬಿಡಿಸಿಕೊಳ್ಳಲಿಲ್ಲ, ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿಸುತ್ತಿದ್ದರೂ.