ಅವಳ ಜಾಗ

ನವೆಂಬರ್ 3, ಬೆಳಿಗ್ಗೆ
ಅನ್ನ, ಮೂಲಂಗಿ ಕಿಮ್ಚಿ. ಇತಿಹಾಸದ ಚಾನೆಲ್ ಹಾಕಿಕೊಂಡೇ ತಿಂದೆ. ಮೊದಲು ಹಡಗುಗಳು. ಆಮೇಲೆ ಮತ್ತೆ ಅದೇ ಎಪಿಸೋಡು — ಮಂತ್ರಿ ಪ್ಯೋ ಸುಳ್ಳು ದೂರು ಹೇಳಿ ಗಿಲ್ ಪಂಡಿತನಿಗೆ ವಿಷದ ಬಟ್ಟಲು ಕಳಿಸಿದ್ದು. ಹಿಸ್ಟರಿ ರಿಪೀಟ್ಸ್ ಇಟ್‌ಸೆಲ್ಫ್... ಕಾಲೇಜಿನಲ್ಲಿ ಉರು ಹೊಡೆದದ್ದು. ಯಾರು ಹೇಳಿದ್ದೋ.

ನಾನು ಪ್ಯೋ ಕುಲದವನು. ನನ್ನ ಹೆಂಡತಿ ಮಾಲ್‌ಸುಕ್ ಗಿಲ್‌ರ ಮಗಳು. ನಾನೂರು ವರ್ಷ ಈ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತಂದದ್ದಿಲ್ಲ. ನಾವು ಮದುವೆ ಆದೆವು. ಜಗಳ ಬಂದರೆ ಅವಳದು ಒಂದೇ ಮಾತು — "ನಿಮ್ಮಜ್ಜ ನಮ್ಮಜ್ಜಂಗೆ ವಿಷ ಕುಡಿಸಿದ್ರು. ನೀವು ನನ್ನ ಸಾರಿಗೆ ಉಪ್ಪಿಲ್ಲ ಅಂತೀರಿ!"

ಏಪ್ರಿಲ್‌ನಿಂದ ಅವಳ ಬೂದಿಯ ಜಾಡಿ ಟಿವಿ ಪಕ್ಕದಲ್ಲಿದೆ. ನಮ್ಮ ಕುಲದ ಸಮಾಧಿ ಗುಡ್ಡದಲ್ಲಿ ಜಾಗ ಕೇಳಿದ್ದೇನೆ. ಅವಳಿಗೆ, ಪಕ್ಕದಲ್ಲಿ ನನಗೆ. ಉತ್ತರವಿಲ್ಲ.

ನ. 6
ಕುಲದ ಅಧ್ಯಕ್ಷ ಜೋಂಗ್‌ರಾಕ್ ಅಣ್ಣ ಬಂದಿದ್ದರು.
"ಟಿವಿಯೋರು ನಮ್ಮ ಮಾನ ಹರಾಜು ಹಾಕಿದ್ರು ಕಣಯ್ಯ. ಸಿಯೋಲ್‌ಗೆ ಹೋಗಿ ಅವರ ಬಾಗಿಲಲ್ಲೇ ಕೂರೋಣ. ನೀನು ಮೇಷ್ಟ್ರಾಗಿದ್ದೋನು, ಮಾತಾಡು."
ಅವಳ ಜಾಗ, ಎಂದೆ.
"ಗಿಲ್ ಮನೆ ಹೆಣ್ಣು ನಮ್ಮ ಗುಡ್ಡದಲ್ಲಿ ಯಾಕೆ ಅಂತಾರೆ ಕೆಲವರು. ನೀನು ಮಾತಾಡಿ ಬಾ. ಆಮೇಲೆ ಯಾರು ಬಾಯಿ ಬಿಡ್ತಾರೋ ನಾ ನೋಡ್ಕೋತೀನಿ."

ನ. 14, ವಾಪಸ್ ಬರುವ ಬಸ್ಸಿನಲ್ಲಿ
ಬಿಳಿ ನಿಲುವಂಗಿ, ಕುದುರೆಕೂದಲಿನ ಟೋಪಿ. ಮುದುಕರೆಲ್ಲ ಚಾನೆಲ್ಲಿನ ಮೆಟ್ಟಿಲ ಮೇಲೆ. ಚಳಿ. ಒಳಗಿನಿಂದ ಕಾಫಿ ಕಳಿಸಿದರು.
"ಗಿಲ್ ಪಂಡಿತನಿಗೂ ಇದನ್ನೇ ಕುಡಿಸಿದ್ರೇನೋ," ಎಂದು ಯಾರೋ ಮುಖ ಕಿವುಚಿದರು.
ಆಮೇಲೆ ಕಾರ್ಯಕ್ರಮ ಮಾಡುವ ಹುಡುಗಿ ಬಂದಳು. "ತಾತಾ, ಮರುಪ್ರಸಾರದ ಕೊನೇಲಿ ನಿಮ್ಮ ಮಾತೂ ಹಾಕ್ತೀವಿ. ಒಬ್ಬರು ಬನ್ನಿ, ಸಾಕು."
ಎಲ್ಲರೂ ನನ್ನನ್ನು ತಳ್ಳಿದರು. ಹೇಳಿದೆ — ಮಂತ್ರಿ ಪ್ಯೋ ನಿರಪರಾಧಿ. ಗಿಲ್ ಪಂಡಿತ ನಿಜಕ್ಕೂ ದ್ರೋಹಿ. ಅವನಿಗೆ ಸಿಕ್ಕಿದ್ದು ನ್ಯಾಯ.
"ಸೂಪರ್ ತಾತಾ! ಒಂದೇ ಟೇಕು!"
ಏನೂ ಅನ್ನಿಸಲಿಲ್ಲ. ಕಾಲು ಜೋಮು ಹಿಡಿದಿತ್ತು.

ನ. 15
ಜಾಗ ಮಂಜೂರು. ಫೋನ್ ಬಂತು.

ನ. 27
ಪ್ರಸಾರವಾಯಿತು. ಜಾಡಿಯ ಪಕ್ಕದಲ್ಲಿ ನನ್ನ ಮುಖ. ಮುಗಿಯುವುದರೊಳಗೆ ಅವಳ ತಮ್ಮ ಇನ್‌ಹ್ವಾನನ ಫೋನು.
"ನೋಡ್ದೆ ಭಾವ. ಟೋಪಿ ಚೆನ್ನಾಗಿ ಒಪ್ಪುತ್ತೆ ನಿಮಗೆ."
ಟಿವಿಯ ದನಿ ಇಳಿಸಿದೆ.
"ಅಕ್ಕನ ಎದುರಿಗೆ ಹೇಳೋಕಾಗ್ತಿತ್ತಾ ಇದನ್ನ?"
"ಅವಳ ಎದುರಿಗೇ ಬಂತಲ್ಲಪ್ಪ. ಟಿವಿ ಪಕ್ಕದಲ್ಲೇ ಇದ್ದಾಳೆ."
ಇಟ್ಟುಬಿಟ್ಟ. ಮಧ್ಯಾಹ್ನ ಮತ್ತೆ ಬಂತು. ಎತ್ತಲಿಲ್ಲ. ಎತ್ತಬೇಕು ಎಂದೂ ಅನ್ನಿಸಲಿಲ್ಲ.

ಡಿ. 2
ಗುಡ್ಡಕ್ಕೆ ಹೋಗಿ ಜಾಗ ನೋಡಿ ಬಂದೆ. ಒಳ್ಳೆಯ ಬಿಸಿಲು. ಮಾಲ್‌ಸುಕ್‌ಗೆ ಬಿಸಿಲು ಇಷ್ಟ. ಪಕ್ಕದಲ್ಲಿ ನನಗೂ ಗೂಟ ನೆಟ್ಟಿದ್ದಾರೆ. ಮೇಲುಗಡೆ ಮಂತ್ರಿಯ ಸಮಾಧಿ. ಅಲ್ಲಿ ಹೊಸ ಕಲ್ಲು ಬರುತ್ತದಂತೆ.
"ಟಿವೀಲಿ ನೀನಂದಿದ್ದನ್ನೇ ಕೆತ್ತಿಸ್ತೀವಿ," ಎಂದು ಅಣ್ಣ ಬೆನ್ನು ತಟ್ಟಿದರು. "ಅಕ್ಷರ ಇಷ್ಟಿಷ್ಟು ದಪ್ಪ. ಕೆಳಗಿಂದ್ಲೂ ಓದಬಹುದು."
ಕೆಳಗೆ, ಅಂದರೆ ಅವಳು.

ಡಿ. 4
ಇನ್‌ಹ್ವಾನನಿಗೆ ನಾನೇ ಫೋನ್ ಮಾಡಿದೆ. "ಅಕ್ಕನ್ನ ನಿಮ್ಮ ಗುಡ್ಡಕ್ಕೆ ಕರ್ಕೊಂಡು ಹೋಗಪ್ಪ."
ಅಲ್ಲಿ ಬಾಗಿಲು ಮುಚ್ಚಿಕೊಂಡ ಸದ್ದು.
"ಭಾವ... ನಮ್ಮ ಗುಡ್ಡದಲ್ಲಿ ಅಳಿಯಂದಿರಿಗೆ ಜಾಗ ಕೊಡಲ್ಲ. ಗೊತ್ತಲ್ಲ?"
"ಗೊತ್ತು."
"ಮತ್ತೆ ನೀವು?"
"ನನ್ನ ಗೂಟ ನೆಟ್ಟಾಗಿದೆ."
ಅತ್ತುಬಿಟ್ಟ. ಅತ್ತು ಮುಗಿಸಲಿ ಎಂದು ಫೋನ್ ಹಿಡಿದುಕೊಂಡು ಕಾದೆ.

ಡಿ. 7, ಭಾನುವಾರ
ಇನ್‌ಹ್ವಾನ್ ಬಂದಿದ್ದಾನೆ. "ಊಟ ಮಾಡ್ಕೊಂಡು ಹೋಗು," ಎಂದೆ. ಕೈ ತೊಳೆಯುತ್ತಿದ್ದಾನೆ. ಜಾಡಿಯನ್ನು ಅವಳ ನೀಲಿ ಬಟ್ಟೆಯಲ್ಲಿ ಸುತ್ತಿದೆ. ಗಂಟು ಸರಿಯಾಗಲಿಲ್ಲ. ಇಂಥದ್ದೆಲ್ಲ ಅವಳೇ ಕಟ್ಟುತ್ತಿದ್ದಳು. ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ.